ಚಳಿಗಾಲದಲ್ಲಿ ಮನೆಯೊಳಗೆ ಟೊಮೇಟೊ: ಕಿಟಕಿ ಸಾಕಾ, ದೀಪ ಬೇಕೇ ಬೇಕಾ?

ಕಿಟಕಿತೋಟ
ಎಲ್ಲರಿಗೂ ನಮಸ್ಕಾರ. ಹೊರಗಿನ ಟೊಮೇಟೊ ಗಿಡಗಳ ಕಾಲ ಮುಗೀತು. ಈ ಸಲ ಚಳಿಗಾಲ ಪೂರ್ತಿ ಮನೆಯೊಳಗೇ ಬೆಳೆಸೋಣ ಅಂತ ಬೀಜ ಹಾಕಿದ್ದೇನೆ. ಹೀಟರ್ ಪಕ್ಕದ ಕಿಟಕಿಯಲ್ಲಿ ಟ್ರೇ ಇಟ್ಟಿದ್ದರಿಂದ ಒಂದು ವಾರದೊಳಗೆ ಎಲ್ಲಾ ತಲೆ ಎತ್ತಿದವು. ಆಮೇಲೆ ಶುರುವಾಯಿತು ನೋಡಿ. ಸಸಿಗಳು ಸಣಕಲಾಗಿ ಉದ್ದಕ್ಕೆ ಏಳುತ್ತಿವೆ. ಬೀಜದೆಲೆಗೂ ಮೊದಲ ನಿಜವಾದ ಎಲೆಗೂ ನಡುವೆ ಎರಡು ಬೆರಳು ಜಾಗ ಇದೆ. ಎಲ್ಲವೂ ಗಾಜಿನ ಕಡೆಗೆ ವಾಲಿವೆ. ಟ್ರೇ ತಿರುಗಿಸಿಟ್ಟರೆ ಸಂಜೆಯೊಳಗೆ ಮತ್ತೆ ಆ ಕಡೆಗೇ ಬಾಗುತ್ತವೆ.

ಕೇಳಬೇಕಾದ್ದು ಮೂರು. ಕಿಟಕಿ ಬೆಳಕು ಸಾಕಾ? ದೀಪ ತಗೊಂಡರೆ ಎಂಥದ್ದು? ಮನೆಯೊಳಗೆ ಜೇನುನೊಣ ಬರಲ್ಲ, ಹಾಗಾದರೆ ಕಾಯಿ ಕಚ್ಚುತ್ತಾ?

ಮಣ್ಣುಕೈ
ಮೊದಲು ಆ ಟ್ರೇ ಹೀಟರ್ ಪಕ್ಕದಿಂದ ತೆಗೆಯಿರಿ. ಮಿಕ್ಕಿದ್ದೆಲ್ಲ ಆಮೇಲೆ.

ಬೀಜ ಮೊಳೆಯೋಕೆ ಬೆಚ್ಚಗಿರಬೇಕು. ಮಣ್ಣು 21ರಿಂದ 27 ಡಿಗ್ರಿ ಇದ್ದರೆ ಚೆನ್ನಾಗಿ ಹುಟ್ಟುತ್ತೆ, ಬೆಳಕಿನ ಹಂಗಿಲ್ಲ. ತಲೆ ಹೊರಗೆ ಬಂದ ಕ್ಷಣದಿಂದ ಲೆಕ್ಕ ತಿರುಗುತ್ತದೆ. ಆಗ ಬೆಳಕು ಮೊದಲು, ಬಿಸಿ ಆಮೇಲೆ. ಬಿಸಿ ಜಾಸ್ತಿ, ಬೆಳಕು ಕಡಿಮೆ ಅಂದರೆ ನೀವು ಹೇಳಿದ ಸ್ಥಿತಿಯೇ ಬರೋದು. ಬಿಸಿ ಬೆಳೆ ಬೆಳೆ ಅಂತ ತಳ್ಳುತ್ತದೆ, ಬೆಳೆಯೋಕೆ ಬೇಕಾದ ಆಹಾರ ಎಲೆಯಲ್ಲಿ ತಯಾರಾಗುವುದಿಲ್ಲ. ಇರೋ ಅಷ್ಟನ್ನೂ ಕಾಂಡ ಉದ್ದ ಮಾಡೋಕೆ ಸುರಿದು ಬೆಳಕು ಹುಡುಕುತ್ತದೆ. ಹುಟ್ಟಿದ ಮೇಲೆ ಸಸಿಗೆ 16ರಿಂದ 20 ಡಿಗ್ರಿ ಸಾಕು.

ಈಗಿನ ಸಸಿ ಬಿಸಾಡಬೇಡಿ. ಟೊಮೇಟೊ ಕಾಂಡ ಎಲ್ಲಿ ಹಸಿ ಮಣ್ಣು ಮುಟ್ಟುತ್ತೋ ಅಲ್ಲಿ ಬೇರು ಬಿಡುತ್ತದೆ. ಬೇರೆ ಕುಂಡಕ್ಕೆ ಹಾಕುವಾಗ ಬೀಜದೆಲೆಯ ತನಕ ಹೂತುಬಿಡಿ. ತುಂಬಾ ಉದ್ದ ಇದ್ದರೆ ಕೆಳಗಿನ ಎಲೆ ಚಿವುಟಿ ಕಾಂಡವನ್ನ ಓರೆಯಾಗಿ ಮಲಗಿಸಿ, ತುದಿ ಮಾತ್ರ ಹೊರಗಿರಲಿ.

ಬೆಳಕುಲೆಕ್ಕ
ಕಿಟಕಿ ಸಾಕಾ ಅನ್ನೋದಕ್ಕೆ ಸ್ವಲ್ಪ ಉದ್ದದ ಉತ್ತರ. ಬೇಜಾರಾದರೆ ಕೊನೆಗೆ ಹಾರಿ.

ಬೆಳಕಿನ ವಿಷಯದಲ್ಲಿ ನಮ್ಮ ಕಣ್ಣನ್ನ ನಂಬೋ ಹಾಗಿಲ್ಲ. ಮನೆಯೊಳಗೆ ಬೆಳ್ಳಗೆ ಕಾಣುವ ರೂಮಿನಲ್ಲಿ ಸುಮಾರು 500 ಲಕ್ಸ್ (ಕಣ್ಣಿಗೆ ಕಾಣೋ ಬೆಳಕಿನ ಅಳತೆ) ಇರಬಹುದು. ಮಧ್ಯಾಹ್ನದ ನೇರ ಬಿಸಿಲು ಒಂದು ಲಕ್ಷ ಲಕ್ಸ್ ಹತ್ತಿರ. ಇನ್ನೂರು ಪಟ್ಟು ವ್ಯತ್ಯಾಸ, ಕಣ್ಣಿನ ಪಾಪೆ ಅದನ್ನ ಮುಚ್ಚಿಹಾಕುತ್ತದೆ. ಗಿಡಕ್ಕೆ ಆ ಸೌಕರ್ಯ ಇಲ್ಲ.

ಗಿಡದ ಲೆಕ್ಕ ಲಕ್ಸ್‌ನಲ್ಲಿ ಅಲ್ಲ, ಒಂದು ದಿನದಲ್ಲಿ ಒಂದು ಚದರ ಮೀಟರ್ ಮೇಲೆ ಒಟ್ಟು ಎಷ್ಟು ಬೆಳಕು ಬಿತ್ತು ಅನ್ನೋದರಲ್ಲಿ. ಅದನ್ನ ಮೋಲ್‌ನಲ್ಲಿ ಅಳೆಯುತ್ತಾರೆ, ಅಂದರೆ ಬೆಳಕಿನ ಕಣಗಳ ಎಣಿಕೆ. ಮೋಲ್‌ನ ಹತ್ತು ಲಕ್ಷದ ಒಂದು ಪಾಲು ಮೈಕ್ರೋಮೋಲ್. ಟೊಮೇಟೊ ಚೆನ್ನಾಗಿ ಕಾಯಿ ಬಿಡೋಕೆ ದಿನಕ್ಕೆ 20 ಮೋಲ್ ಮೇಲೆ ಬೇಕು. ಸಸಿಗೆ 10ರಿಂದ 15 ಸಾಕು. ಬೇಸಿಗೆಯ ಒಳ್ಳೆ ಬಿಸಿಲಿನ ದಿನ ಬಯಲಲ್ಲಿ 40ಕ್ಕೂ ಜಾಸ್ತಿ ಬೀಳುತ್ತದೆ. ಅದೇ ಸಮಭಾಜಕದಿಂದ ದೂರದ ಜಾಗಗಳಲ್ಲಿ ಚಳಿಗಾಲದ ಮೋಡದ ದಿನ ಬಯಲಲ್ಲೇ 5 ದಾಟೋದು ಕಷ್ಟ. ಅದರಲ್ಲೂ ಗಾಜು ಸ್ವಲ್ಪ ತಡೆಯುತ್ತೆ. ಗೋಡೆ, ಸೂರು ಸೇರಿ ಆಕಾಶದ ಅರ್ಧಕ್ಕಿಂತ ಜಾಸ್ತಿ ಮುಚ್ಚುತ್ತವೆ. ಕಿಟಕಿಯಿಂದ ಒಂದು ಮೀಟರ್ ಒಳಗೆ ಬಂದರೆ ಉಳಿಯೋದು ಚೂರು ಮಾತ್ರ.

ಹಾಗಾಗಿ ಬರೀ ಕಿಟಕಿಯಲ್ಲಿ ಗಿಡ ಬದುಕುತ್ತೆ, ಕಾಯಿ ಬಿಡಲ್ಲ. ಬಿಟ್ಟರೂ ಹೆಸರಿಗೆ ಒಂದೆರಡು. ಸಮಭಾಜಕದ ಹತ್ತಿರ ಇರುವವರಿಗೆ ಈ ಮಾತು ಅನ್ವಯಿಸಲ್ಲ. ಅಲ್ಲಿ ಚಳಿಗಾಲದಲ್ಲೂ ಹಗಲು 11 ಗಂಟೆಗಿಂತ ಜಾಸ್ತಿ ಇರುತ್ತೆ, ಗಿಡ ಹೊರಗಿಡೋದೇ ವಾಸಿ.

ಕಿಟಕಿಯನ್ನೇ ನೆಚ್ಚಿಕೊಳ್ಳೋದಾದರೆ ಉತ್ತರ ಗೋಳದವರಿಗೆ ದಕ್ಷಿಣದ ಕಿಟಕಿ, ದಕ್ಷಿಣ ಗೋಳದವರಿಗೆ ಉತ್ತರದ ಕಿಟಕಿ. ರಾತ್ರಿ ಗಾಜಿಗೆ ಎಲೆ ತಾಗದ ಹಾಗೆ ಇಡಿ. ಗಾಜು ರೂಮಿಗಿಂತ ತುಂಬಾ ತಣ್ಣಗಿರುತ್ತೆ.

ಕಿಟಕಿತೋಟ
ಅಂದರೆ ದೀಪ ಬೇಕೇ ಬೇಕು. ಸರಿ. ಒಂದು ಕಡೆ ನೋಡಿದೆ, ಡಬ್ಬಿ ಮೇಲೆ 1000 ವ್ಯಾಟ್ ಅಂತ ದೊಡ್ಡದಾಗಿ ಬರೆದಿದೆ, ಕೈಲಿ ಹಿಡಿದರೆ ಊಟದ ತಟ್ಟೆಗಿಂತ ಚಿಕ್ಕದು. ನೇರಳೆ ಬಣ್ಣದ ಬೆಳಕು ಬರುತ್ತೆ. ಇದು ನಿಜವಾ?

ಬೆಳಕುಲೆಕ್ಕ
ಆ 1000 ಅನ್ನೋದು ಹಳೇ ಕಾಲದ ಯಾವುದೋ ದೀಪಕ್ಕೆ ಸಮ ಅಂತ ಹೇಳಿಕೊಳ್ಳೋ ಸಂಖ್ಯೆ. ಅದರ ಮೇಲೆ ಕಣ್ಣೇ ಹಾಯಿಸಬೇಡಿ. ಗೋಡೆಯಿಂದ ನಿಜವಾಗಿ ಎಷ್ಟು ವ್ಯಾಟ್ ಎಳೆಯುತ್ತೆ ಅಂತ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ, ಅದನ್ನ ಓದಿ. ಆಮೇಲೆ ಒಂದು ಜೂಲ್‌ಗೆ ಎಷ್ಟು ಮೈಕ್ರೋಮೋಲ್, ಅಂದರೆ ಎಳೆದ ಕರೆಂಟಿಗೆ ಎಷ್ಟು ಬೆಳಕು ಕೊಡುತ್ತೆ ಅಂತ ನೋಡಿ. ಒಳ್ಳೆ ಎಲ್‌ಇಡಿ ಆದರೆ 2.5 ಆಸುಪಾಸು ಇರುತ್ತೆ. ಅದನ್ನ ಬರೆದೇ ಇಲ್ಲ ಅಂದರೆ ಆ ದೀಪದ ಬಗ್ಗೆ ನನಗೆ ಅನುಮಾನ.

ಲೆಕ್ಕ ಹೀಗೆ. 40 ವ್ಯಾಟ್ ದೀಪ, ಜೂಲ್‌ಗೆ 2.5. ಒಂದು ವ್ಯಾಟ್ ಅಂದರೆ ಸೆಕೆಂಡಿಗೆ ಒಂದು ಜೂಲ್, ಹಾಗಾಗಿ ಸೆಕೆಂಡಿಗೆ 100 ಮೈಕ್ರೋಮೋಲ್. ಇದನ್ನ 60 ಸೆಂಟಿಮೀಟರ್ ಚೌಕದ ಮೇಲೆ ಹರಡಿದರೆ ಚದರ ಮೀಟರಿಗೆ ಸುಮಾರು 278. ಪಕ್ಕಕ್ಕೆ ಚೆಲ್ಲಿಹೋಗೋದು ಕಳೆದರೆ 220 ಅಂತ ಇಟ್ಟುಕೊಳ್ಳಿ. ದಿನಕ್ಕೆ 16 ಗಂಟೆ ಉರಿಸಿದರೆ 12.7 ಮೋಲ್ ಬರುತ್ತೆ. ಸಸಿಗೆ ಧಾರಾಳ, ಕುಳ್ಳ ಗಿಡಕ್ಕೆ ಹೇಗೋ ನಡೆಯುತ್ತೆ, ದೊಡ್ಡ ಗಿಡಕ್ಕೆ ಸಾಲದು. ಅದೇ ಚೌಕಕ್ಕೆ 80 ವ್ಯಾಟ್ ಹಾಕಿದರೆ 25 ದಾಟುತ್ತೆ.

ನೇರಳೆ ಬೆಳಕಲ್ಲಿ ಗಿಡ ಬೆಳೆಯುತ್ತೆ, ತಕರಾರಿಲ್ಲ. ಆದರೆ ಎಲೆ ಹಳದಿ ತಿರುಗಿದೆಯಾ, ಹುಳ ಇದೆಯಾ ಅಂತ ನಿಮಗೆ ಕಾಣಲ್ಲ. ಎಲ್ಲಾ ಕಪ್ಪುಕಪ್ಪು. ನಾನಂತೂ ಬಿಳಿ ಎಲ್‌ಇಡಿಗೇ ಓಟು ಹಾಕೋದು. ಬೆಳಕಿನ ಬಣ್ಣದ ಅಳತೆ 3000 ಕೆಲ್ವಿನ್ ಇರಲಿ 5000 ಇರಲಿ, ಟೊಮೇಟೊಗೆ ಎರಡೂ ನಡೆಯುತ್ತೆ.

ಮೀಟರ್ ಇಲ್ಲದವರು ಮೊಬೈಲಿನ ಲಕ್ಸ್ ಆ್ಯಪ್ ಬಳಸಿ. ಬಿಳಿ ಎಲ್‌ಇಡಿ ಕೆಳಗೆ ಬಂದ ಲಕ್ಸನ್ನ 70ರಿಂದ ಭಾಗಿಸಿದರೆ ಮೈಕ್ರೋಮೋಲ್ ಅಂದಾಜು ಸಿಗುತ್ತೆ. ಗಿಡದ ತುದಿಯ ಹತ್ತಿರ 15,000 ಲಕ್ಸ್ ತೋರಿಸಿದರೆ 214. ಮೊಬೈಲ್ ತಪ್ಪು ತೋರಿಸಬಹುದು, ಆದರೂ ಕಣ್ಣಿಗಿಂತ ವಾಸಿ.

ಕಿಟಕಿತೋಟ
16 ಗಂಟೆ ಯಾಕೆ, 24 ಗಂಟೆ ಉರಿಸಿದರೆ ಚಿಕ್ಕ ದೀಪದಲ್ಲೇ ಕೆಲಸ ಆಗಲ್ವಾ?

ಬೆಳಕುಲೆಕ್ಕ
ಬೇರೆ ಕೆಲವು ಗಿಡಕ್ಕೆ ಆಗುತ್ತೆ, ಟೊಮೇಟೊಗೆ ಆಗಲ್ಲ. ಕತ್ತಲೇ ಇಲ್ಲದೆ ಬೆಳಕು ಕೊಟ್ಟರೆ ಎಲೆ ಹಳದಿ ಮಚ್ಚೆ ಬಂದು ಹಾಳಾಗುತ್ತದೆ. ಕಾಡು ಟೊಮೇಟೊಗಳಲ್ಲಿ ಇದನ್ನ ತಡೆದುಕೊಳ್ಳೋ ಗುಣ ಇದೆ. ಅದಕ್ಕೆ ಸಂಬಂಧಪಟ್ಟ ಜೀನ್ ಯಾವುದು ಅಂತ 2014ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ತೋರಿಸಿದರು. ನಿಮ್ಮ ಕೈಲಿರೋ ಬೀಜದಲ್ಲಿ ಅದು ಇರಲ್ಲ. 14ರಿಂದ 16 ಗಂಟೆ ಬೆಳಕು, ಮಿಕ್ಕಿದ್ದು ಕತ್ತಲೆ. ಒಂದು ಟೈಮರ್ ಹಾಕಿ ಮರೆತುಬಿಡಿ. ಹಗಲು ಉದ್ದ ಆದರೆ ಹೂ ಬಿಡಲ್ವೇನೋ ಅಂತ ಯೋಚನೆ ಬೇಡ, ಟೊಮೇಟೊ ಹಗಲಿನ ಉದ್ದ ನೋಡಿ ಹೂ ಬಿಡೋ ಗಿಡ ಅಲ್ಲ.

ಎಲೆಮರೆ
ನಾನು ಸ್ವಲ್ಪ ತಣ್ಣೀರು ಎರಚ್ತೀನಿ, ಕ್ಷಮಿಸಿ. 100 ವ್ಯಾಟ್ ದೀಪ ದಿನಕ್ಕೆ 16 ಗಂಟೆ ಅಂದರೆ 1.6 ಯುನಿಟ್. ತಿಂಗಳಿಗೆ 48 ಯುನಿಟ್. ಬೀಜ ಹಾಕಿದಾಗಿಂದ ಹಣ್ಣಾಗೋ ತನಕ ಮೂರರಿಂದ ನಾಲ್ಕು ತಿಂಗಳು. ಕೂಡಿಸಿ ನೋಡಿ. ಇಷ್ಟೆಲ್ಲ ಮಾಡಿ ಸಿಗೋದು ಒಂದೆರಡು ಬುಟ್ಟಿನೂ ಅಲ್ಲ. ಅದೇ ದೀಪದ ಕೆಳಗೆ ಸೊಪ್ಪು ಹಾಕಿದರೆ ಅರ್ಧ ಬೆಳಕಿಗೇ ಬೆಳೆಯುತ್ತೆ, ಒಂದೂವರೆ ತಿಂಗಳಿಗೆ ಕೊಯ್ಲು. ಹೂವಿಲ್ಲ, ಪರಾಗ ಇಲ್ಲ, ಗೋಳಿಲ್ಲ. ರುಚಿ ವಿಷಯಕ್ಕೆ ಬಂದರೆ, ಬೆಳಕು ಕಮ್ಮಿ ಇದ್ದಾಗ ಹಣ್ಣಿಗೆ ಸಕ್ಕರೆ ಎಲ್ಲಿಂದ ಬರಬೇಕು?

ಮಣ್ಣುಕೈ
ಎಲೆಮರೆಯವರ ಲೆಕ್ಕ ಸರಿ ಇದೆ. ಸಕ್ಕರೆ ಮಾತೂ ಸರಿ. ಆದರೆ ಕರೆಂಟು ಬಿಲ್ ನೋಡಿ ಟೊಮೇಟೊ ಬೆಳೆಸೋರು ಈ ಚರ್ಚೆಗೆ ಬರೋದೇ ಇಲ್ಲ ಬಿಡಿ.

ಪುಟ್ಟಕುಂಡ
ಎಲೆಮರೆ ಸರ್, ನೀವು ಹೇಳೋದು ದೊಡ್ಡ ಗಿಡದ ಲೆಕ್ಕ. ಮನೆಯೊಳಗೆ ದೊಡ್ಡ ಗಿಡ ಯಾಕೆ ಬೇಕು ಅನ್ನೋದೇ ನನ್ನ ಪ್ರಶ್ನೆ.

ಟೊಮೇಟೊದಲ್ಲಿ ಬೆಳೀತಾನೇ ಹೋಗೋ ಜಾತಿ ಒಂದು, ಒಂದು ಎತ್ತರಕ್ಕೆ ನಿಂತು ತುದಿಯಲ್ಲಿ ಹೂ ಬಿಡೋ ಜಾತಿ ಇನ್ನೊಂದು. ಈ ನಿಲ್ಲೋ ಜಾತಿಯಲ್ಲೇ ತೀರಾ ಕುಳ್ಳಗಿರೋವು ಇವೆ. ಮೈಕ್ರೋ ಟಾಮ್, ರೆಡ್ ರಾಬಿನ್, ಆರೆಂಜ್ ಹ್ಯಾಟ್, ಟೈನಿ ಟಿಮ್ ಹೀಗೆ. ಮೈಕ್ರೋ ಟಾಮನ್ನ 1989ರಲ್ಲಿ ಫ್ಲೋರಿಡಾ ವಿಶ್ವವಿದ್ಯಾಲಯದವರು ಮನೆಯ ಕುಂಡಕ್ಕೆ ಅಂತಲೇ ಹೊರತಂದರು. ಒಂದು ಗೇಣು ಎತ್ತರ ಅಷ್ಟೆ. ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟು ಬೇಗ ಬೀಜದಿಂದ ಬೀಜಕ್ಕೆ ಬರೋದರಿಂದ ಈಗ ಪ್ರಯೋಗಾಲಯಗಳಲ್ಲೂ ಅದನ್ನೇ ಬೆಳೆಸ್ತಾರೆ. ರುಚಿ ಮಾತ್ರ ಸಾಧಾರಣ, ಸಿಪ್ಪೆ ದಪ್ಪ. ನೋಡೋಕೆ ಚೆಂದ. ತಿನ್ನೋಕಾದರೆ ಆರೆಂಜ್ ಹ್ಯಾಟ್ ನನಗಿಷ್ಟ.

ಇವಕ್ಕೆ ಒಂದೂವರೆ, ಎರಡು ಲೀಟರ್ ಕುಂಡ ಸಾಕು. ಕೋಲು ಕಟ್ಟೋದು ಬೇಡ, ಚಿಗುರು ಚಿವುಟೋದು ಬೇಡ. ಬೆಳಕುಲೆಕ್ಕ ಅವರು ಹೇಳಿದ 60 ಸೆಂಟಿಮೀಟರ್ ಚೌಕದಲ್ಲಿ ಆರೇಳು ಕುಂಡ ಆರಾಮಾಗಿ ಕೂರುತ್ತವೆ. ಗಿಡ ಕುಳ್ಳಗಿರೋದರಿಂದ ದೀಪವನ್ನ ತುದಿಗೆ 20–30 ಸೆಂಟಿಮೀಟರ್ ಹತ್ತಿರ ಇಡಬಹುದು, ಕೆಳಗಿನ ಎಲೆಗೂ ಬೆಳಕು ಸಿಗುತ್ತೆ. ಆಳೆತ್ತರದ ಗಿಡಕ್ಕೆ ಮೇಲಿಂದ ದೀಪ ಹಾಕಿದರೆ ತುದಿ ಸುಡುತ್ತೆ, ಬುಡ ಕತ್ತಲಲ್ಲಿರುತ್ತೆ. ಅದೇ ಅಲ್ವಾ ತೊಂದರೆ?

ಎಲೆಮರೆ
40 ವ್ಯಾಟ್ ಅಂದರೆ ತಿಂಗಳಿಗೆ 19 ಯುನಿಟ್ ಚಿಲ್ಲರೆ. ಹೂಂ, ಇದನ್ನ ಒಪ್ಪಬಹುದು. ಪೂರ್ತಿ ಅಲ್ಲ, ಅರ್ಧ.

ಕಿಟಕಿತೋಟ
ನಾನು ಹಾಕಿರೋದು ದಪ್ಪ ಹಣ್ಣಿನ, ಬಳ್ಳಿ ಹಾಗೆ ಹೋಗೋ ಜಾತಿ. ಏನು ಮಾಡಲಿ?

ಮಣ್ಣುಕೈ
ದಪ್ಪ ಹಣ್ಣು ತುಂಬೋಕೆ ಬೇಕಾದಷ್ಟು ಆಹಾರ ನಿಮ್ಮ ಮನೆ ಬೆಳಕಿನಲ್ಲಿ ತಯಾರಾಗಲ್ಲ. ಒಂದೆರಡು ಸಸಿ ಆಸೆಗೆ ಇಟ್ಟುಕೊಳ್ಳಿ. ಅದಕ್ಕೆ 15–20 ಲೀಟರ್ ಕುಂಡ ಬೇಕು, ಒಂದೇ ಕಾಂಡ ಬಿಟ್ಟು ಸಂದಿ ಚಿಗುರೆಲ್ಲ ತೆಗೀತಿರಬೇಕು, ದಾರ ಕಟ್ಟಿ ಮೇಲೆ ಹತ್ತಿಸಬೇಕು. ಮಿಕ್ಕ ಜಾಗಕ್ಕೆ ಪುಟ್ಟಕುಂಡ ಹೇಳಿದ ಕುಳ್ಳ ಬೀಜ ಹಾಕಿ. ಕುಳ್ಳ ಸಿಗಲಿಲ್ಲ ಅಂದರೆ ಕನಿಷ್ಠ ಚೆರ್ರಿ ಟೊಮೇಟೊ. ಹಣ್ಣು ಚಿಕ್ಕದಾದಷ್ಟೂ ಕಡಿಮೆ ಬೆಳಕಲ್ಲಿ ದಡ ಸೇರುತ್ತೆ.

ಹೂಬಿಸಿಲು
ನಡುವೆ ಬಾಯಿ ಹಾಕ್ತಿದ್ದೀನಿ. ಹೊರಗಿರೋ ನನ್ನ ಚೆರ್ರಿ ಗಿಡ ಇನ್ನೂ ಜೀವಂತ ಇದೆ. ಅದನ್ನೇ ಒಳಗೆ ತರಬಹುದಾ? ಕುಂಡದಲ್ಲೇ ಇದೆ.

ಮಣ್ಣುಕೈ
ತರಬಹುದು. ಮಂಜು ಬೀಳದ ಕಡೆ ಟೊಮೇಟೊ ವರ್ಷಗಟ್ಟಲೆ ಬದುಕೋ ಗಿಡ, ಒಂದು ಬೆಳೆಗೆ ಸಾಯಲೇಬೇಕು ಅಂತಿಲ್ಲ. ಆದರೆ ಗಿಡ ಒಳಗೆ ತಂದರೆ ಅದರ ಜೊತೆ ಬಿಳಿನೊಣ, ಹೇನು, ನುಸಿ ಎಲ್ಲಾ ಬರುತ್ತವೆ. ಒಳಗೆ ಅವನ್ನ ತಿನ್ನೋ ಹುಳ ಇರಲ್ಲ. ಮಳೆ ಇಲ್ಲ, ಗಾಳಿ ಇಲ್ಲ. ಅವಕ್ಕೆ ಹಬ್ಬ.

ಅದರ ಬದಲು ಕುಡಿ ತಗೊಳ್ಳಿ ಅಕ್ಕ. ಎಲೆಗೂ ಕಾಂಡಕ್ಕೂ ನಡುವಿನ ಸಂದಿಯಲ್ಲಿ ಬರೋ ಚಿಗುರನ್ನ ಒಂದು ಗೇಣಿನಷ್ಟು ಮುರಿದು, ಹೂವಿದ್ದರೆ ಚಿವುಟಿ, ಕೆಳಗಿನ ಎಲೆ ತೆಗೆದು ನೀರಿನ ಲೋಟದಲ್ಲಿಡಿ. ಎರಡು ದಿನಕ್ಕೊಮ್ಮೆ ನೀರು ಬದಲಿಸಿ. ಒಂದು ವಾರ, ಹತ್ತು ದಿನದಲ್ಲಿ ಬಿಳಿ ಬೇರು ಬರುತ್ತೆ. ಬೇರು ಎರಡು ಬೆರಳು ಉದ್ದ ಆಗೋ ಮೊದಲೇ ಮಣ್ಣಿಗೆ ಹಾಕಿ. ಬೀಜದ ಗಿಡಕ್ಕಿಂತ ಬೇಗ ಹೂ ಬಿಡುತ್ತೆ, ಯಾಕೆಂದರೆ ಅದು ಆಗಲೇ ಪ್ರಾಯಕ್ಕೆ ಬಂದ ಗಿಡದ ತುಂಡು. ಲೋಟದಲ್ಲಿಡೋ ಮೊದಲು ಎಲೆಯ ಹಿಂಭಾಗ ನೋಡಿ, ಸೋಪು ನೀರಲ್ಲಿ ಅದ್ದಿ ತೊಳೆಯಿರಿ.

ಹೂಬಿಸಿಲು
ಹೋದ ಚಳಿಗಾಲದ ಒಂದು ಗಿಡ ದೀಪದ ಕೆಳಗೆ ಚೆನ್ನಾಗಿ ಹೂ ಬಿಟ್ಟಿತ್ತು. ಆದರೆ ಹೂ ಎಲ್ಲಾ ಉದುರಿದವು. ಹೂವಿನ ತೊಟ್ಟಿನ ಮಧ್ಯೆ ಒಂದು ಗೆಣ್ಣು ಇರುತ್ತಲ್ಲ, ಅಲ್ಲಿ ಹಳದಿಯಾಗಿ, ಮುಟ್ಟಿದರೆ ಪಟ್ ಅಂತ ಕಳಚುತ್ತಿತ್ತು. ಗೊಬ್ಬರ ಕಮ್ಮಿ ಆಯ್ತಾ?

ಪುಟ್ಟಕುಂಡ
ಗೊಬ್ಬರ ಅಲ್ಲ, ಪರಾಗ. ಕಾಯಿ ಕಟ್ಟದ ಹೂವನ್ನ ಗಿಡ ಆ ಗೆಣ್ಣಿನಲ್ಲೇ ಕಳಚಿ ಬಿಸಾಡುತ್ತದೆ. ಕಿಟಕಿತೋಟದ ಮೂರನೇ ಪ್ರಶ್ನೆಗೂ ಉತ್ತರ ಇಲ್ಲೇ ಇದೆ.

ಟೊಮೇಟೊ ಹೂವಿಗೆ ಇನ್ನೊಂದು ಹೂ ಬೇಡ. ಗಂಡು, ಹೆಣ್ಣು ಒಂದರಲ್ಲೇ ಇವೆ. ಒಂದು ಹೂ ಹತ್ತಿರದಿಂದ ನೋಡಿ. ಹಿಂದಕ್ಕೆ ಮಡಚಿದ ಹಳದಿ ದಳಗಳ ನಡುವೆ ಮೊನಚಾದ ಹಳದಿ ಕೊಳವೆ ಇದೆ. ಅದು ಪರಾಗದ ಚೀಲಗಳು ಒಂದಕ್ಕೊಂದು ಅಂಟಿ ಆದದ್ದು. ಪರಾಗ ಹೊರಗೆ ಮೆತ್ತಿಕೊಂಡಿರಲ್ಲ, ಒಳಗೆ ತುಂಬಿಕೊಂಡಿರುತ್ತೆ. ಹೆಣ್ಣುಭಾಗದ ಕಡ್ಡಿ ಕೊಳವೆಯ ನಡುವೆ ಕೂತಿರುತ್ತೆ. ಹೂ ಅಲುಗಿದಾಗ ಮಾತ್ರ ಪರಾಗ ಒಳಗೇ ಉದುರಿ ಕೆಳಗಿನ ತುದಿಗೆ ಬೀಳುತ್ತೆ. ಅದಕ್ಕೇ ಟೊಮೇಟೊ ಹೂ ನೆಲ ನೋಡಿಕೊಂಡು ನೇತಾಡೋದು. ಉಪ್ಪಿನ ಡಬ್ಬಿ ತಲೆಕೆಳಗೆ ಹಿಡಿದ ಹಾಗೆ, ಅಲ್ಲಾಡಿಸದಿದ್ದರೆ ಏನೂ ಬೀಳಲ್ಲ.

ಹೊರಗೆ ಗಾಳಿ ಈ ಕೆಲಸ ಮಾಡುತ್ತೆ. ಬಂಬಲ್‌ಬೀ ಅನ್ನೋ ದಪ್ಪ ದುಂಬಿ ಹೂವನ್ನ ತಬ್ಬಿಕೊಂಡು ರೆಕ್ಕೆಯ ಸ್ನಾಯು ಝುಮ್ ಅಂತ ನಡುಗಿಸಿ ಪರಾಗ ಉದುರಿಸಿಕೊಳ್ಳುತ್ತೆ. ಮಾಮೂಲಿ ಜೇನುನೊಣಕ್ಕೆ ಈ ವಿದ್ಯೆ ಬರಲ್ಲ. 1980ರ ದಶಕದ ಕೊನೆಯಿಂದ ಯುರೋಪಿನ ಗಾಜಿನ ಮನೆಗಳಲ್ಲಿ ಆ ದುಂಬಿಗಳನ್ನೇ ಪೆಟ್ಟಿಗೆಯಲ್ಲಿ ಸಾಕಿ ಬಿಡ್ತಾರೆ. ಅದಕ್ಕೂ ಮೊದಲು ಕೆಲಸದವರು ನಡುಗೋ ಕಡ್ಡಿ ಹಿಡಿದು ಒಂದೊಂದು ಗೊಂಚಲಿಗೂ ಮುಟ್ಟಿಸಿಕೊಂಡು ಹೋಗ್ತಿದ್ದರು.

ಮನೆಯಲ್ಲಿ ಬ್ಯಾಟರಿ ಟೂತ್‌ಬ್ರಷ್ ಸಾಕು. ಬ್ರಷ್ಷಿನ ಹಿಂಭಾಗವನ್ನ ಗೊಂಚಲಿನ ಕಾಂಡಕ್ಕೆ ಎರಡು ಸೆಕೆಂಡ್ ತಾಗಿಸಿ. ಹೂವಿಗೇ ಒತ್ತಬೇಡಿ. ಕೆಳಗೆ ಕಪ್ಪು ಚಮಚ ಹಿಡಿದರೆ ಹಳದಿ ಪುಡಿ ಬಿದ್ದಿದ್ದು ಕಾಣುತ್ತೆ. ಬಿದ್ದರೆ ಹೂ ಹದಕ್ಕೆ ಬಂದಿದೆ. ದಳ ಪೂರ್ತಿ ಹಿಂದಕ್ಕೆ ಬಾಗಿದ ಹೂ ಆಗಿರಬೇಕು. ಎರಡು ದಿನಕ್ಕೊಮ್ಮೆ, ದೀಪ ಹತ್ತಿ ಕೆಲವು ಗಂಟೆ ಆದ ಮೇಲೆ ಮಾಡಿ.

ಹೂಬಿಸಿಲು
ಪೇಂಟ್ ಬ್ರಷ್‌ನಲ್ಲಿ ಸವರಿದ್ದೆ ಪ್ರತಿ ದಿನ. ಅದು ಸಾಲಲ್ವಾ?

ಪುಟ್ಟಕುಂಡ
ಕುಂಬಳ, ಸೌತೆ ಹೂವಿಗಾದರೆ ಸರಿ. ಇಲ್ಲಿ ಪರಾಗ ಕೊಳವೆಯೊಳಗೆ ಅಲ್ವಾ ಇರೋದು, ಹೊರಗೆ ಸವರಿದರೆ ಏನು ಸಿಗುತ್ತೆ? ಸವರುವಾಗ ಹೂ ಅಲುಗಿದ್ದರೆ ಅಷ್ಟು ಲಾಭ.

ಬೆಳಕುಲೆಕ್ಕ
ಇದಕ್ಕೆ ಎರಡು ಸೇರಿಸ್ತೀನಿ. ಮೊದಲನೇದು ರಾತ್ರಿಯ ಚಳಿ. 13 ಡಿಗ್ರಿಗಿಂತ ಕೆಳಗೆ ಹೋದರೆ ಪರಾಗವೇ ಸರಿಯಾಗಿ ತಯಾರಾಗಲ್ಲ, ಆಮೇಲೆ ಎಷ್ಟು ಅಲ್ಲಾಡಿಸಿದರೂ ಅಷ್ಟೆ. ರಾತ್ರಿ 16–18, ಹಗಲು 21–26 ಇದ್ದರೆ ಸುಖ. 32 ದಾಟಿದರೂ ಅದೇ ಕಥೆ, ದೀಪದ ಕೆಳಗೆ ಒಂದು ಥರ್ಮಾಮೀಟರ್ ಇಟ್ಟು ನೋಡಿ. ಎರಡನೇದು ತೇವ. ಹೀಟರ್ ಹಾಕಿದ ರೂಮಿನ ಗಾಳಿ ಒಣಗಿರುತ್ತೆ, ಪರಾಗ ಅಂಟಲ್ಲ. ತೇವ ಜಾಸ್ತಿಯಾದರೆ ಪರಾಗ ಮುದ್ದೆಯಾಗಿ ಉದುರಲ್ಲ. 50ರಿಂದ 70 ಶೇಕಡಾ ಒಳ್ಳೇದು.

ಚಳಿ ರೂಮೇ ಗತಿ ಅನ್ನೋರಿಗೆ ಒರೆಗಾನ್ ಸ್ಪ್ರಿಂಗ್, ಸಿಲೆಟ್ಜ್, ಲೆಜೆಂಡ್ ಅಂತ ಜಾತಿಗಳಿವೆ. ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅಭಿವೃದ್ಧಿ ಮಾಡಿದವು. ಪರಾಗ ಸೇರದಿದ್ದರೂ ಬೀಜ ಇಲ್ಲದ ಹಣ್ಣು ಕಟ್ಟುತ್ತವೆ. ಗಿಡ ಮಾತ್ರ ಕುಳ್ಳ ಅಲ್ಲ, ಜಾಗ ಬೇಕು.

ಮಣ್ಣುಕೈ
ಒಂದು ಚಿಕ್ಕ ಫ್ಯಾನ್ ದಿನಕ್ಕೆ ಕೆಲವು ಗಂಟೆ ಗಿಡಗಳ ಮೇಲೆ ಮೆಲ್ಲಗೆ ಬೀಸಲಿ. ಹೂ ಅಲುಗುತ್ತೆ, ಕಾಂಡ ಗಟ್ಟಿಯಾಗುತ್ತೆ, ಎಲೆ ಮೇಲೆ ಬೂಷ್ಟು ಕೂರಲ್ಲ. ಸಸಿ ಇದ್ದಾಗಲೂ ಅಷ್ಟೆ. ದಿನಾ ಅಂಗೈಯಲ್ಲಿ ತುದಿ ಸವರಿದರೆ ಸಸಿ ಗಿಡ್ಡಗೆ ದಪ್ಪಗೆ ಬೆಳೆಯುತ್ತೆ. ಬೀಡಿ ಸಿಗರೇಟು ಸೇದೋರು ಕೈ ತೊಳೆದು ಮುಟ್ಟಿ. ತಂಬಾಕಿನಿಂದ ಮೊಸಾಯಿಕ್ ವೈರಸ್ ಟೊಮೇಟೊಗೆ ಹತ್ತುತ್ತೆ. ಇದು ಕಟ್ಟುಕಥೆ ಅಲ್ಲ.

ಚುಕ್ಕೆನೊಣ
ಎಲ್ಲರೂ ಬೆಳಕು, ಹೂ ಅಂತಿದ್ದೀರಿ. ನನ್ನ ಮನೆಯಲ್ಲಿ ಗಿಡಕ್ಕಿಂತ ನೊಣ ಜಾಸ್ತಿ. ಕುಂಡ ಮುಟ್ಟಿದರೆ ಸಾಕು, ಕಪ್ಪು ಚಿಕ್ಕ ನೊಣಗಳು ಮಣ್ಣಿಂದ ಎದ್ದು ಮೂಗಿಗೇ ಬರ್ತವೆ. ಮನೆಯವರು ಗಿಡ ಹೊರಗಿಡಿ ಅಂತಿದ್ದಾರೆ. ಹೊರಗಿಟ್ಟರೆ ಚಳಿಗೆ ಸಾಯುತ್ತೆ.

ಮಣ್ಣುಕೈ
ನೀರು ಜಾಸ್ತಿ ಹಾಕ್ತಿದ್ದೀರಿ. ಆ ನೊಣ ಮೊಟ್ಟೆ ಇಡೋದು ಮೇಲ್ಮಣ್ಣು ಸದಾ ಹಸಿ ಇದ್ದಾಗ. ಮರಿಗಳು ಮಣ್ಣಿನ ಬೂಷ್ಟು ತಿನ್ನುತ್ತವೆ, ಎಳೆ ಬೇರನ್ನೂ ಬಿಡಲ್ಲ. ಮೇಲಿನ ಎರಡು ಬೆರಳು ಮಣ್ಣು ಒಣಗೋ ತನಕ ನೀರು ಕೊಡಬೇಡಿ. ಕೊಡುವಾಗ ಕುಂಡದ ಕೆಳಗಿನ ತಟ್ಟೆಗೆ ಹಾಕಿ, ಅರ್ಧ ಗಂಟೆ ಬಿಟ್ಟು ಉಳಿದ ನೀರು ಚೆಲ್ಲಿ. ಹಳದಿ ಅಂಟುಕಾರ್ಡ್ ನಿಲ್ಲಿಸಿ, ಹಾರೋವು ಅಂಟಿಕೊಳ್ತವೆ. ಮರಿಗಳಿಗೆ ಬಿಟಿಐ ಅನ್ನೋ ಬ್ಯಾಕ್ಟೀರಿಯಾ ಪುಡಿ ಸಿಗುತ್ತೆ, ಸೊಳ್ಳೆ ಮರಿ ಕೊಲ್ಲೋಕೆ ಬಳಸೋದೂ ಅದನ್ನೇ. ನೀರಿಗೆ ಬೆರೆಸಿ ಹಾಕಿ. ಕೆಲವು ವಾರ ಬಿಡದೆ ಮಾಡಬೇಕು, ಒಂದೇ ಸಲಕ್ಕೆ ಹೋಗಲ್ಲ.

ಚಳಿಗಾಲದಲ್ಲಿ ವಾರಕ್ಕೆ ಇಷ್ಟು ಸಲ ನೀರು ಅಂತ ಲೆಕ್ಕ ಇಡೋದೇ ತಪ್ಪು. ಕುಂಡ ಎತ್ತಿ ನೋಡಿ. ಹಗುರ ಇದ್ದರೆ ಕೊಡಿ, ಭಾರ ಇದ್ದರೆ ಸುಮ್ನಿರಿ. ನಲ್ಲಿಯ ಕೊರೆಯೋ ನೀರು ಬೇಡ, ರೂಮಿನಲ್ಲಿ ಇಟ್ಟ ನೀರು ಹಾಕಿ.

ಚುಕ್ಕೆನೊಣ
ಇನ್ನೊಂದು. ಎಲೆಯ ಹಿಂದೆ, ಕಾಂಡದ ಮೇಲೆ ಸಣ್ಣ ಸಣ್ಣ ಗುಳ್ಳೆ ಎದ್ದಿವೆ. ಮರಳು ಮುಟ್ಟಿದ ಹಾಗೆ ಒರಟು. ಹುಳ ಏನೂ ಕಾಣಲ್ಲ. ರೋಗ ಅಂತ ಔಷಧಿ ಹೊಡೀಲಾ?

ಬೆಳಕುಲೆಕ್ಕ
ಹೊಡೀಬೇಡಿ. ಅದು ರೋಗ ಅಲ್ಲ, ಒಳಾಂಗಣದ ಟೊಮೇಟೊಗೆ ಬರೋ ತೊಂದರೆ. ಬೇರು ನೀರು ಎಳೆಯುತ್ತಿದೆ, ಗಾಳಿ ತೇವ ಇದ್ದು ಎಲೆಯಿಂದ ನೀರು ಆರುತ್ತಿಲ್ಲ, ಆಗ ಜೀವಕೋಶಗಳು ಉಬ್ಬುತ್ತವೆ. ಬಿಸಿಲಿನಲ್ಲಿರೋ ಅತಿನೇರಳೆ ಕಿರಣ ಎಲ್‌ಇಡಿಯಲ್ಲಿ ಇಲ್ಲದಿರೋದೂ ಒಂದು ಕಾರಣ. ಕೆಲವು ಜಾತಿಗೆ ಜಾಸ್ತಿ, ಕೆಲವಕ್ಕೆ ಬರೋದೇ ಇಲ್ಲ. ನೀರು ಕಮ್ಮಿ ಮಾಡಿ, ಫ್ಯಾನ್ ಹಾಕಿ. ಬಂದ ಗುಳ್ಳೆ ಹೋಗಲ್ಲ, ಹೊಸ ಎಲೆ ಸರಿ ಬರುತ್ತೆ.

ಒಂದು ಎಚ್ಚರ ಮಾತ್ರ. ಎಲೆ ಹಿಂದೆ ನವಿರಾದ ಬಲೆ, ಮೇಲೆ ಬಿಳಿ ಚುಕ್ಕಿ ಚುಕ್ಕಿ ಇದ್ದರೆ ಅದು ನುಸಿ. ಬಿಳಿ ಕಾಗದ ಕೆಳಗೆ ಹಿಡಿದು ಎಲೆ ತಟ್ಟಿ. ಬಿದ್ದ ಚುಕ್ಕಿ ಓಡಾಡಿದರೆ ನುಸಿನೇ. ಅದಕ್ಕೆ ಒಣ, ಬಿಸಿ ರೂಮು ಇಷ್ಟ. ಬಚ್ಚಲಿಗೆ ಒಯ್ದು ಎಲೆಯ ಹಿಂಭಾಗಕ್ಕೆ ಜೋರಾಗಿ ನೀರು ಬಿಡಿ, ಆಮೇಲೆ ಸೋಪು ನೀರು.

ಹೂಬಿಸಿಲು
ಗೊಬ್ಬರದ ಬಗ್ಗೆ ಯಾರೂ ಹೇಳಲಿಲ್ಲ. ಮೊಟ್ಟೆ ಸಿಪ್ಪೆ ಪುಡಿ ಮಾಡಿ ಹಾಕ್ತಿದ್ದೀನಿ, ಕಾಯಿಯ ತಳ ಕಪ್ಪಾಗದ ಹಾಗೆ.

ಮಣ್ಣುಕೈ
ಹಾಕಿ, ಕೆಡುಕಿಲ್ಲ. ಆದರೆ ಈ ಸಲದ ಕಾಯಿಗೆ ಅದು ಸಿಗೋದು ಅನುಮಾನ, ಸಿಪ್ಪೆ ಕರಗೋಕೆ ತುಂಬಾ ಕಾಲ ಬೇಕು. ತಳ ಕಪ್ಪಾಗೋದು ಕ್ಯಾಲ್ಸಿಯಂ ಕಾಯಿಗೆ ತಲುಪದೆ. ಮಣ್ಣಲ್ಲಿ ಇಲ್ಲದೆ ಅಲ್ಲ, ನೀರಿನ ಜೊತೆ ಮೇಲೆ ಹೋಗದೆ. ಒಂದು ದಿನ ಪೂರ್ತಿ ಒಣಗಿಸಿ ಇನ್ನೊಂದು ದಿನ ಕೆರೆ ಮಾಡಿದರೆ ಹಾಗೇ ಆಗೋದು. ಮೈಕ್ರೋ ಜಾತಿಗಳ ಚಿಕ್ಕ ಕುಂಡ ಬೇಗ ಒಣಗುತ್ತೆ, ನೋಡ್ಕೋಬೇಕು.

ಗೊಬ್ಬರ ಅಂದರೆ, ತೋಟದ ಮಣ್ಣು ಕುಂಡಕ್ಕೆ ಬೇಡ. ತೆಂಗಿನ ನಾರಿನ ಪುಡಿ, ಎರೆಗೊಬ್ಬರ, ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಬೆರೆಸಿ. ಹೂ ಬರೋ ತನಕ ಮಾಮೂಲಿ ದ್ರವ ಗೊಬ್ಬರ ಅರ್ಧ ಪ್ರಮಾಣದಲ್ಲಿ. ಹೂ ಬಂದ ಮೇಲೆ ಪೊಟ್ಯಾಷ್ ಜಾಸ್ತಿ ಇರೋದು. ಸಾರಜನಕ ಸುರಿದರೆ ಎಲೆ ಕಡು ಹಸಿರಾಗಿ ಸುರುಳಿ ಸುತ್ತುತ್ತೆ, ಹೂ ಬರಲ್ಲ. ಬೆಳಕು ಕಮ್ಮಿ ಇದ್ದಾಗ ಗೊಬ್ಬರವೂ ಕಮ್ಮಿ. ಬೆಳಕಿನ ಕೊರತೆಯನ್ನ ಗೊಬ್ಬರ ತುಂಬಲ್ಲ. ಕುಂಡದ ಅಂಚಲ್ಲಿ ಬಿಳಿ ಉಪ್ಪು ಕಟ್ಟಿದ್ದರೆ ಒಂದು ಸಲ ಬರೀ ನೀರು ಧಾರಾಳ ಹಾಕಿ ತೊಳೆದುಬಿಡಿ.

ಎಲೆಮರೆ
ಮನೆಯಲ್ಲಿ ಬೆಕ್ಕಿದೆ. ಕುಂಡ ಕಂಡರೆ ಬಾಯಿ ಹಾಕುತ್ತೆ. ಪರವಾಗಿಲ್ವಾ?

ಪುಟ್ಟಕುಂಡ
ಎಲೆ, ಕಾಂಡ, ಹಸಿ ಕಾಯಿಯಲ್ಲಿ ಟೊಮ್ಯಾಟಿನ್ ಅನ್ನೋ ವಿಷದ ಅಂಶ ಇದೆ. ಬೆಕ್ಕು ನಾಯಿಗೆ ವಾಂತಿ ಭೇದಿ ಆಗಬಹುದು. ಎಟುಕದ ಕಡೆ ಇಡಿ. ಅಂದ ಹಾಗೆ ಸರ್, ಈ ಪ್ರಶ್ನೆ ಕೇಳ್ತಿದ್ದೀರಿ ಅಂದರೆ ಬೀಜ ತರಿಸಿದ್ದೀರಿ ಅಂತಾಯ್ತು!

ಎಲೆಮರೆ
ನೋಡೋಣ ಅಂತ, ಎರಡು ಕುಂಡ. ಸೊಪ್ಪಿನ ಪಕ್ಕ ಜಾಗ ಇತ್ತು.

ಕಿಟಕಿತೋಟ
ಬಿಳಿ ಎಲ್‌ಇಡಿ ಬಂತು, ಗೋಡೆಯಿಂದ ಎಳೆಯೋದು 45 ವ್ಯಾಟ್. ಸಸಿಗಳನ್ನ ಹೂತಿದ್ದೇನೆ, ಹೊಸ ಎಲೆಗಳ ನಡುವಿನ ಅಂತರ ಈಗ ಒಂದು ಬೆರಳೂ ಇಲ್ಲ. ರೆಡ್ ರಾಬಿನ್ ಬೀಜ ಬೇರೆ ಟ್ರೇಯಲ್ಲಿ ಹಾಕಿದ್ದೇನೆ. ಕಾಯಿ ಕಟ್ಟಿದ ಮೇಲೆ ಹಣ್ಣಾಗೋಕೆ ಎಷ್ಟು ದಿನ? ಹಣ್ಣಾಗೋಕೂ ಬಿಸಿಲು ಬೇಕಾ?

ಬೆಳಕುಲೆಕ್ಕ
ಚಿಕ್ಕ ಹಣ್ಣಿನ ಜಾತಿಗೆ ಹೂ ಕಚ್ಚಿದಲ್ಲಿಂದ ಐದಾರು ವಾರ, ರೂಮು ತಣ್ಣಗಿದ್ದರೆ ಇನ್ನೂ ಸ್ವಲ್ಪ. ಕಾಯಿ ತುಂಬೋಕೆ ಬೆಳಕು ಬೇಕು, ಬಣ್ಣ ತಿರುಗೋಕೆ ಬೇಡ. ಬಣ್ಣಕ್ಕೆ ಬೇಕಾದ್ದು ಹದವಾದ ಬಿಸಿ. 20–25 ಡಿಗ್ರಿಯಲ್ಲಿ ಕೆಂಪು ಚೆನ್ನಾಗಿ ಬರುತ್ತೆ. 12ಕ್ಕಿಂತ ಕೆಳಗೆ ನಿಂತೇ ಹೋಗುತ್ತೆ, 30 ದಾಟಿದರೆ ಕೆಂಪಿನ ಬದಲು ಹಳದಿ-ಕಿತ್ತಳೆ. ತಳದಲ್ಲಿ ನಸುಗೆಂಪು ಕಂಡ ಮೇಲೆ ಕಿತ್ತು ಮೇಜಿನ ಮೇಲಿಟ್ಟರೂ ಹಣ್ಣಾಗುತ್ತೆ. ಆದರೆ ಮನೆಯೊಳಗೆ ಹಕ್ಕಿ, ಮಳೆ ಯಾವ ಕಾಟವೂ ಇಲ್ಲ. ಗಿಡದಲ್ಲೇ ಪೂರ್ತಿ ಬಿಡಿ, ಕಮ್ಮಿ ಬೆಳಕಿನ ಹಣ್ಣಿಗೆ ರುಚಿಯಲ್ಲಿ ಸಿಗೋ ಲಾಭ ಅದೊಂದೇ. ಕಿತ್ತ ಮೇಲೆ ಫ್ರಿಜ್ಜಿಗೆ ಹಾಕಬೇಡಿ.

ಪುಟ್ಟಕುಂಡ
ಒಂದು ಸೇರಿಸ್ತೀನಿ. ಕುಳ್ಳ ಗಿಡ ಒಂದು ಸುತ್ತು ಜೋರಾಗಿ ಬಿಟ್ಟು ಸುಸ್ತಾಗುತ್ತೆ. ಎರಡನೇ ಸುತ್ತು ಬರುತ್ತೆ, ಆದರೆ ಅರ್ಧಕ್ಕರ್ಧ. ಅದಕ್ಕೆ ಮೊದಲ ಟ್ರೇ ಹಾಕಿ ಆರು ವಾರಕ್ಕೆ ಇನ್ನೆರಡು ಬೀಜ ಹಾಕಿಬಿಡಿ. ರೆಡ್ ರಾಬಿನ್ ಬೀಜ ನಿಮ್ಮ ಹಣ್ಣಿಂದಲೇ ತೆಗೆದಿಡಬಹುದು, ಹೈಬ್ರಿಡ್ ಅಲ್ಲ, ಮುಂದಿನ ಗಿಡವೂ ಹಾಗೇ ಬರುತ್ತೆ. ಬೀಜದ ಸುತ್ತಲಿನ ಲೋಳೆ ಹೋಗೋಕೆ ಎರಡು ಮೂರು ದಿನ ನೀರಲ್ಲಿ ಹುಳಿಯೋಕೆ ಬಿಟ್ಟು ತೊಳೆದು ಒಣಗಿಸಿ. ಬೇಸಿಗೆ ಬಂದು ಗಿಡ ಹೊರಗಿಡೋದಾದರೆ ಮೊದಲ ಒಂದು ವಾರ ನೆರಳಲ್ಲಿ. ದೀಪದ ಕೆಳಗೆ ಬೆಳೆದ ಎಲೆ ನೇರ ಬಿಸಿಲಿಗೆ ಒಂದೇ ಮಧ್ಯಾಹ್ನಕ್ಕೆ ಬೆಳ್ಳಗೆ ಸುಟ್ಟುಹೋಗುತ್ತೆ.